.315 ತೋಟಾಕ್ಕೆ ಇಷ್ಟೊಂದು ಅಸಡ್ಡೆ ಯಾಕೆ?

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳಗಾವಿಯಲ್ಲಿ ಬಂದೂಕು ಬಲ್ಲವರ ಮಧ್ಯೆ ಕೂತರೆ ಮಾತೆಲ್ಲ ಥರ್ಟಿ ಆಟ್ ಸಿಕ್ಸ್, ತ್ರೀ ಸೆವೆಂಟಿ ಫೈವ್ ಮ್ಯಾಗ್ನಮ್ (ಮದ್ದು ಜಾಸ್ತಿ ಇರುವ ಜೋರು ತೋಟಾ) ಥರದ ವಿದೇಶಿ ತೋಟಾಗಳ ಬಗ್ಗೆಯೇ. ನಮ್ಮ ಸರ್ಕಾರಿ ಕಾರ್ಖಾನೆಯಲ್ಲೇ ಆಗುವ .315 ರೈಫಲ್ ತೋಟಾ (ಅಂಕಿ ನಳಿಗೆಯ ಒಳ ಅಗಲ, ಇಂಚಿನಲ್ಲಿ) ಅಂದರೆ ಸಾಕು, "ಅದು ಸರ್ಕಾರಿ ತೋಟಾ ಬಿಡ್ರಿ" ಅಂತ ಮುಖ ತಿರುಗಿಸುತ್ತಾರೆ. ಕೆಲವರಿಗಂತೂ ಆ ಹೆಸರು ಗೊತ್ತಿರುವುದೇ ಉತ್ತರ ಪ್ರದೇಶ, ಬಿಹಾರದ ಕಟ್ಟಾ ಅನ್ನುವ ಕಳ್ಳ ನಾಡ ಪಿಸ್ತೂಲಿನ ಸುದ್ದಿಯಿಂದ. ನನಗೆ ಇದು ನಿಜಕ್ಕೂ ಬೇಜಾರು. ದೊಡ್ಡ ಪ್ರಾಣಿಯ ಶಿಕಾರಿಗೆ ಬೇಕಾದ ಗುಣ ಈ ತೋಟಾದಲ್ಲಿ ಮೊದಲಿನಿಂದಲೂ ಇದೆ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಮುಗಿದ ಕಥೆ. ಮುಗಿದದ್ದು ಒಳ್ಳೆಯದೇ. ಭೀಮಗಡ ಅಭಯಾರಣ್ಯದ ಪ್ರಾಣಿಗಳು ನೆಮ್ಮದಿಯಿಂದ ಇರಲಿ. ನಾನು ಮಾತಾಡುತ್ತಿರುವುದು ತೋಟಾದ ಯೋಗ್ಯತೆ ಬಗ್ಗೆ.

ಇದರ ಮೂಲ ಹೆಸರು 8x50 ಆರ್ ಮ್ಯಾನ್ಲಿಕರ್. 1890ರ ಸುಮಾರಿಗೆ ಆಸ್ಟ್ರಿಯಾ-ಹಂಗೇರಿ ಸೈನ್ಯ ಇದನ್ನು ಬಳಕೆಗೆ ತಂದಿತು. ಬ್ರಿಟಿಷ್ ಸೈನ್ಯಕ್ಕೆ .303 ತೋಟಾ ಬಂದದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಆಮೇಲೆ ಭಾರತದಲ್ಲಿ ಸಾಮಾನ್ಯ ಜನ ಸೈನ್ಯದ .303 ರೈಫಲ್ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಬ್ರಿಟಿಷರು ತಡೆದರು. ನಮ್ಮ ಕ್ಯಾಂಪ್ ಥರದ ದಂಡಿನ ಜಾಗದಿಂದ ತೋಟಾ ಹೊರಗೆ ಹೋದರೆ, ಅದನ್ನು ಹೊಡೆಯುವ ಬಂದೂಕು ಊರಲ್ಲಿ ಇರಬಾರದು, ಅಲ್ವಾ? ಹಾಗಾಗಿ ಇಂಗ್ಲೆಂಡಿನ ಬಂದೂಕು ಕಂಪನಿ ಬಿಎಸ್‌ಎ, ಸೈನ್ಯದ ಲೀ-ಎನ್‌ಫೀಲ್ಡ್ ರೈಫಲ್‌ನ ಮೈಕಟ್ಟನ್ನೇ ಇಟ್ಟುಕೊಂಡು, .315 ನಳಿಗೆ ಹಾಕಿ ಇಲ್ಲಿಗೆ ಕಳಿಸಿತು. ಸ್ವಾತಂತ್ರ್ಯದ ನಂತರವೂ ಬಂಗಾಳದ ಇಛಾಪುರ ಕಾರ್ಖಾನೆ ಆ ರೈಫಲ್ ಮಾಡುತ್ತಾ ಬಂತು. ಹುಟ್ಟಿದ ದೇಶ 1930ರ ದಶಕದಲ್ಲೇ ಇದನ್ನು ಬಿಟ್ಟು ಬೇರೆ ತೋಟಾ ಹಿಡಿಯಿತು. ಉಳಿಸಿಕೊಂಡವರು ನಾವು.

ಶಿಕಾರಿಯವರು ಇಷ್ಟಪಟ್ಟು ಆರಿಸಿದ್ದಲ್ಲ, ಕಾನೂನು ಕೈಗೆ ಕೊಟ್ಟಿದ್ದು. ಅಸಡ್ಡೆಯ ಬೇರು ಅಲ್ಲೇ ಇದೆ ಅಂತ ನನಗನಿಸುತ್ತದೆ.

ಈಗ ಗುಂಡು ನೋಡಿ. 244 ಗ್ರೇನ್ ತೂಕ, ಅಂದರೆ ಹೆಚ್ಚುಕಮ್ಮಿ 16 ಗ್ರಾಂ. ಸೈನ್ಯದ .303 ಗುಂಡು 174 ಗ್ರೇನ್ ಇತ್ತು. ಆಸ್ಟ್ರಿಯಾದ ತೋಟಾದಲ್ಲಿ ವೇಗ ಸೆಕೆಂಡಿಗೆ ಸುಮಾರು 620 ಮೀಟರ್. ಲೆಕ್ಕ ಹಾಕಿದರೆ ಶಕ್ತಿ 3,000 ಜೂಲ್ ಆಸುಪಾಸು, ಹೆಚ್ಚುಕಮ್ಮಿ .303ರಷ್ಟೇ. ಆದರೆ ಪ್ರಾಣಿಯ ಮೈಯೊಳಗೆ ಇದರ ಕೆಲಸ ಬೇರೆ. ದಪ್ಪಕ್ಕೆ ಹೋಲಿಸಿದರೆ ತೂಕ ಜಾಸ್ತಿ ಇರುವ ಉದ್ದ ಗುಂಡು ಆಳಕ್ಕೆ ಇಳಿಯುತ್ತದೆ. ವೇಗ ಹದವಾಗಿರುವುದರಿಂದ ಸಾಫ್ಟ್ ನೋಸ್ (ಮೂತಿ ಮೆತ್ತಗಿರುವ) ಗುಂಡು ಮೂಳೆಗೆ ತಾಗಿದ ತಕ್ಷಣ ಚೂರಾಗುವ ಸಂಭವ ಕಡಿಮೆ. ಮೂತಿ ಅರಳಿಕೊಂಡು ಒಳಗೆ ಸಾಗುತ್ತದೆ. ಕಡವೆಯ ಭುಜಕ್ಕೆ, ಕಾಡುಹಂದಿಯ ಗಟ್ಟಿ ತೊಗಲಿಗೆ ಬೇಕಾದದ್ದು ಇದೇ. ಮಾಂಸ ಹಾಳಾಗುವುದೂ ಕಡಿಮೆ. ಕಾಡುಕೋಣಕ್ಕೆ ಸಾಕು ಅಂತ ನಾನು ಹೇಳುವುದಿಲ್ಲ, ಅದಕ್ಕೆ ಇನ್ನೂ ದೊಡ್ಡದು ಬೇಕು. ಸುಮ್ನೆ ವೇಗದ ಅಂಕಿ ನೋಡಿ ಮಾರುಹೋಗುವವರು ಗುಂಡಿನ ತೂಕ ಕೇಳುವುದೇ ಇಲ್ಲ.

ಖಾನಾಪುರ, ಲೋಂಡಾ ಕಡೆಯ ಕಾಡು ನೋಡಿದ್ದೀರಲ್ಲ? ಬಿದಿರು ಮೆಳೆ, ಪೊದೆ, ಇಳಿಜಾರು. ಎಷ್ಟೋ ಕಡೆ ಐವತ್ತು ಅರವತ್ತು ಮೀಟರ್ ಆಚೆ ಏನೂ ಕಾಣುವುದಿಲ್ಲ. ಅಂಥ ಜಾಗದಲ್ಲಿ 400 ಮೀಟರ್ ಲೆಕ್ಕದ ಮ್ಯಾಗ್ನಮ್ ಏನು ಮಾಡುತ್ತದೆ? ವಿಜಯಪುರದ ಬಯಲಾದರೆ ಮಾತು ಬೇರೆ. 100 ಮೀಟರಿಗೆ ಗುರಿ ಹೊಂದಿಸಿದ .315, 200 ಮೀಟರಿಗೆ ಹೋಗುವಷ್ಟರಲ್ಲಿ ಸುಮಾರು ಒಂದು ಅಡಿ ಕೆಳಗೆ ಬೀಳುತ್ತದೆ. ದೂರಕ್ಕೆ ಇದು ಆಗುವುದಿಲ್ಲ.

ನನ್ನ ತಕರಾರು ಒಂದೇ. ತೋಟಾ ನಮ್ಮ ಪಕ್ಕದಲ್ಲೇ, ಪುಣೆಯ ಖಡಕಿ ಕಾರ್ಖಾನೆಯಲ್ಲಿ ಆಗುತ್ತದೆ. ಆದರೂ ಗುಂಡಿನಲ್ಲಿ ಹೊಸದೇನೂ ಪ್ರಯತ್ನ ಕಾಣುವುದಿಲ್ಲ. ಇಷ್ಟು ಒಳ್ಳೆಯ ತೋಟಾಕ್ಕೆ ಇನ್ನೊಂದೆರಡು ಬಗೆಯ ಗುಂಡು ಸಿಗಬೇಕು.

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ .315 ಇದ್ದರೆ, ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡ ಮೇಲೆ ತಲೆನೋವು ಯಾಕೆ ಅಂತ ಠಾಣೆಗೆ ಪೂರ್ತಿ ಬಿಟ್ಟುಕೊಟ್ಟು ಕೈ ತೊಳೆದುಕೊಳ್ಳಬೇಡಿ. ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶ ಇದೆ. ಹಳ್ಳಿಯವರು ಡಿಸಿ ಆಫೀಸಿಗೆ, ಸಿಟಿಯವರು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ ವಿಚಾರಿಸಿ. ಲೈಸೆನ್ಸ್ ಕೈಗೆ ಬಂದ ಮೇಲೆ ಬಂದೂಕು ರಿಪೇರಿ ಗೊತ್ತಿರುವವರಿಗೆ ನಳಿಗೆ ತೋರಿಸಿ. ಅವರು ಸರಿ ಇದೆ ಅಂದಮೇಲೆ ರೇಂಜಿಗೆ ಒಯ್ದು ಹೊಡೆದು ನೋಡಿ.