ಮೂರು ಶಿಲುಬೆ, ಹತ್ತಾರು ಕಥೆ

ನಮಸ್ಕಾರ ಕೇಳುಗರೇ. ರೇಡಿಯೋದಲ್ಲಿ ಬಾವುಟ ತೋರಿಸೋಕೆ ಆಗಲ್ಲ, ಅಲ್ವಾ? ನೀವೇ ಕಲ್ಪಿಸಿಕೊಳ್ಳಿ. ಮೇಲೊಂದು ಕೆಂಪು ಪಟ್ಟಿ, ನಡುವೆ ಕಪ್ಪು, ಕೆಳಗೆ ಮತ್ತೆ ಕೆಂಪು. ಕಪ್ಪಿನ ಮೇಲೆ ಸಾಲಾಗಿ ಮೂರು ಬಿಳಿ ಗುರುತು, ಗುಣಾಕಾರದ ಚಿಹ್ನೆಯ ಹಾಗೆ. ಇದು ಆಮ್‌ಸ್ಟರ್‌ಡ್ಯಾಮ್ ನಗರದ ಬಾವುಟ. ಹೊಸದಾಗಿ ಹೋದವರು ಅದನ್ನು ವಯಸ್ಕರ ಚಿತ್ರಗಳಿಗೆ ಹಾಕುವ ಮೂರು X ಅಂದುಕೊಂಡು, ಆ ಊರಿನ ಕೆಂಪು ದೀಪದ ಬೀದಿ ನೆನಪಾಗಿ, ಮುಸಿಮುಸಿ ನಗುವುದುಂಟು. ಸುಮ್ನೆ ನಗು. ಇವು ಯೇಸುವಿನ ಶಿಷ್ಯ ಸಂತ ಆಂಡ್ರೂನ ಶಿಲುಬೆಗಳು. ಅವನನ್ನು ಇಂಥದ್ದೇ ಓರೆ ಶಿಲುಬೆಗೆ ಕಟ್ಟಿ ಕೊಂದರು ಅಂತ ನಂಬಿಕೆ.

ಈ ಶಿಲುಬೆ ಆ ಊರಿಗೆ ಹೇಗೆ ಬಂತು ಅಂತ ಕೇಳಿದರೆ ಜಗಳ ಶುರು. ಆಂಡ್ರೂ ಮೀನುಗಾರ, ಊರು ಕೂಡ ಮೊದಲು ಮೀನುಗಾರರದ್ದೇ, ಹಾಗಾಗಿ ಬಂತು ಅಂತ ಒಂದು ವಾದ. ಆದರೆ ಜಾಸ್ತಿ ಜನ ಹೇಳುವುದು ಬೇರೆ ಕಥೆ: ಒಂದು ಶಿಲುಬೆ ಬೆಂಕಿಗೆ, ಒಂದು ನೆರೆಗೆ, ಇನ್ನೊಂದು ಪ್ಲೇಗಿಗೆ, ಮೂರನ್ನೂ ಊರಾಚೆ ತಡೆಯಲಿ ಅಂತ ಹಾಕಿದ್ದು. ಕೇಳೋಕೆ ಚೆನ್ನಾಗಿದೆ. ಅಲ್ಲಿ ಬೆಂಕಿ ಸಣ್ಣದೇನೂ ಅಲ್ಲ, 1421ರಲ್ಲಿ ಒಮ್ಮೆ, 1452ರಲ್ಲಿ ಇನ್ನೊಮ್ಮೆ ಮರದ ಮನೆಗಳು ಸಾಲುಸಾಲಾಗಿ ಸುಟ್ಟುಹೋದವು. ಹೀಗೆ ನೊಂದ ಊರು ತನ್ನ ಬಾವುಟದಲ್ಲೊಂದು ತಾಯತ ಹುಡುಕಿದರೆ ತಪ್ಪೇನಿಲ್ಲ.

ಇತಿಹಾಸ ಬಲ್ಲವರಲ್ಲಿ ಹಲವರು ಮಾತ್ರ ಪೆರ್ಸೈನ್ ಮನೆತನದ ಕಡೆ ಬೆರಳು ತೋರಿಸುತ್ತಾರೆ. ಯಾನ್ ಪೆರ್ಸೈನ್ ಅನ್ನುವವನು 1280ರಿಂದ 1282ರವರೆಗೆ ಈ ಊರಿನ ಒಡೆಯ. ಎರಡೇ ವರ್ಷ! ಅವನ ಮನೆತನದ ಗುರುತೇ ಊರಿಗೆ ಅಂಟಿಕೊಂಡಿತು ಅನ್ನುತ್ತಾರೆ. ನಡುವಿನ ಕಪ್ಪು ಪಟ್ಟಿ ಆಮ್‌ಸ್ಟೆಲ್ ನದಿಯ ನೀರು ಅನ್ನುವವರಿದ್ದಾರೆ.

ಹೊಸ ಅರ್ಥಗಳೂ ಸೇರಿಕೊಳ್ಳುತ್ತಲೇ ಇವೆ. ಯಹೂದಿಗಳ ಮೇಲಿನ ನಾಜಿ ದೌರ್ಜನ್ಯದ ವಿರುದ್ಧ 1941ರ ಫೆಬ್ರವರಿಯಲ್ಲಿ ಊರಿನ ಕೆಲಸಗಾರರು ಮುಷ್ಕರ ಹೂಡಿದ್ದರು. ಅದರ ನೆನಪಿಗೆ 1947ರಲ್ಲಿ ನೆದರ್‌ಲ್ಯಾಂಡ್ಸ್ ರಾಣಿ ವಿಲ್ಹೆಲ್ಮಿನಾ ನಗರದ ಲಾಂಛನಕ್ಕೆ ಮೂರು ಪದ ಕೊಟ್ಟರು: ಧೀರ, ದೃಢ, ದಯಾಳು. ಈಗ ಒಂದೊಂದು ಶಿಲುಬೆಗೆ ಒಂದೊಂದು ಗುಣ ಅಂತ ಹೊಂದಿಸುವವರೂ ಇದ್ದಾರೆ. ತಮಾಷೆ ಅಂದರೆ, ಗುರುತು ಇಷ್ಟು ಹಳೆಯದಾದರೂ ಈ ಬಾವುಟ ಅಧಿಕೃತವಾದದ್ದು 1975ರಲ್ಲಿ. ಬಾವುಟ ಬೇಡ, ರಸ್ತೆಯಂಚು ನೋಡಿದರೂ ಸಾಕು. ಕಾರು ಹತ್ತಿಸದ ಹಾಗೆ ನೆಟ್ಟಿರುವ ಸೊಂಟದೆತ್ತರದ ಕಂದುಗೆಂಪು ಕಬ್ಬಿಣದ ಗೂಟಗಳ ಮೇಲೂ ಅದೇ ಮೂರು ಶಿಲುಬೆ, ಒಂದರ ಕೆಳಗೊಂದು.

ನನಗಂತೂ ಪೆರ್ಸೈನ್ ವಾದವೇ ಸರಿ ಅನ್ನಿಸುತ್ತದೆ. ಯಾಕೆ ಅಂದರೆ, ಪಕ್ಕದಲ್ಲೇ ಆಮ್‌ಸ್ಟೆಲ್‌ವೇನ್ ಅಂತ ಊರಿದೆ. ಅದರ ಲಾಂಛನದಲ್ಲೂ ಇದೇ ಕೆಂಪು, ಇದೇ ಕಪ್ಪು, ಇವೇ ಶಿಲುಬೆ. ಆದರೆ ಅಲ್ಲಿರುವುದು ನಾಲ್ಕು. ಬೆಂಕಿ, ನೆರೆ, ಪ್ಲೇಗು ಆಯಿತು, ನಾಲ್ಕನೆಯದು ಯಾವ ಪೀಡೆಗೆ, ನೀವೇ ಹೇಳಿ?