ನೆಗಡಿಗೂ ಗೆಳೆತನಕ್ಕೂ ಏನು ಸಂಬಂಧ?

ಕೇಳುಗರೆಲ್ಲರಿಗೂ ನಮಸ್ಕಾರ. ಡಾಕ್ಟರು ಮಾತಾಡ್ತಾರೆ ಅಂದ್ರೆ ಉಪ್ಪು ಕಡಿಮೆ ಮಾಡಿ, ವಾಕಿಂಗ್ ಹೋಗಿ ಅಂತಾರೆ ಅಂದ್ಕೊಂಡಿರ್ತೀರಿ. ಅದನ್ನ ನಿಮ್ಮೂರಿನ ಡಾಕ್ಟರೇ ಹೇಳಿಯಾಗಿದೆ, ಬಿಡಿ. ನಾನು ಕೇಳೋದು ಒಂದೇ: ಕಳೆದ ಹದಿನೈದು ದಿನದಲ್ಲಿ ಎಷ್ಟು ಬಗೆಯ ಜನರ ಜೊತೆ ಮಾತಾಡಿದ್ದೀರಿ? ಎಷ್ಟು ಜನ ಅಂತಲ್ಲ, ಎಷ್ಟು ಬಗೆ?

ಯಾಕೆ ಕೇಳ್ತೀನಿ ಅಂದ್ರೆ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶೆಲ್ಡನ್ ಕೋಹೆನ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞರು. ಅವರ ತಂಡ ಆರೋಗ್ಯವಾಗಿದ್ದ 276 ಜನರನ್ನ ಸೇರಿಸಿ, ದುಡ್ಡು ಕೊಟ್ಟು, ಒಪ್ಪಿಗೆ ಪಡೆದು, ಎಲ್ಲರ ಮೂಗಿಗೂ ನೆಗಡಿಯ ವೈರಸ್ ಇರೋ ಹನಿ ಬಿಟ್ಟಿತು. ಹೌದು, ಬೇಕಂತಲೇ! ಆಮೇಲೆ ಐದು ದಿನ ಯಾರನ್ನೂ ಹೊರಗೆ ಬಿಡಲಿಲ್ಲ. ಯಾರಿಗೆ ಎಷ್ಟು ನೆಗಡಿ ಅನ್ನೋದಕ್ಕೆ ಬರೀ ಬಾಯಿಮಾತು ನಂಬಲಿಲ್ಲ. ಮೂಗು ಒರೆಸಿದ ಕಾಗದಗಳನ್ನ ಕವರಲ್ಲಿ ಕೂಡಿಟ್ಟು ತೂಕ ಹಾಕಿದರು. ತಕ್ಕಡಿಯಲ್ಲಿ ಸಿಂಬಳ! ಇದನ್ನ ಹೇಳಿದಾಗಲೆಲ್ಲ ನನ್ನ ವಿದ್ಯಾರ್ಥಿಗಳು ಮುಖ ಸಿಂಡರಿಸ್ತಾರೆ. ನನಗಂತೂ ಇಷ್ಟು ಪ್ರಾಮಾಣಿಕ ಅಳತೆ ಇನ್ನೊಂದಿಲ್ಲ ಅನ್ನಿಸುತ್ತೆ.

ಹನಿ ಬಿಡೋ ಮೊದಲೇ ಒಬ್ಬೊಬ್ಬರನ್ನೂ ವಿಚಾರಿಸಿದ್ದರು. ಎರಡು ವಾರಕ್ಕೊಮ್ಮೆಯಾದರೂ ಯಾರ ಹತ್ತಿರ ಮಾತಾಡ್ತೀರಿ? ಗಂಡ ಇಲ್ಲವೇ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಅತ್ತೆ ಮಾವ, ಅಕ್ಕಪಕ್ಕದವರು, ಗೆಳೆಯರು, ಜೊತೆ ಕೆಲಸ ಮಾಡೋರು, ಪ್ರಾರ್ಥನೆಗೆ ಸೇರೋರು... ಒಟ್ಟು 12 ಬಗೆ. 1997ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ಬಗೆ ಅಥವಾ ಅದಕ್ಕೂ ಹೆಚ್ಚು ಇದ್ದವರಿಗಿಂತ, ಮೂರರೊಳಗೇ ಮುಗಿದವರಿಗೆ ನೆಗಡಿ ಹಿಡಿಯೋ ಸಂಭವ ನಾಲ್ಕು ಪಟ್ಟಿಗೂ ಮೇಲೆ! ಹನಿ ಬಿದ್ದಿದ್ದು ಎಲ್ಲರ ಮೂಗಿಗೂ, ನೆನಪಿರಲಿ. ಅದಕ್ಕೇ ಮತ್ತೆ ಹೇಳ್ತೀನಿ, ತಲೆ ಎಣಿಸಬೇಡಿ, ಬಗೆ ಎಣಿಸಿ.

ನಮ್ಮಲ್ಲಿ ರಿಟೈರ್ ಆದ ಗಂಡಸರದ್ದೇ ದೊಡ್ಡ ಫಜೀತಿ. ಸರ್ವೀಸ್ ಪೂರ್ತಿ ಆಫೀಸಿನವರೇ ಸ್ನೇಹಿತರು. ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ ಮಾರನೇ ದಿನದಿಂದ ಫೋನಿಗೆ ಕೆಲಸ ಇಲ್ಲ. "ಸುಸ್ತು ಡಾಕ್ಟ್ರೇ, ಒಂದು ಟಾನಿಕ್ ಬರ್ಕೊಡಿ" ಅಂತ ಬರ್ತಾರೆ. ಟಾನಿಕ್ ಬೇಡ ಸ್ವಾಮಿ, ನಿಮಗೆ ಬೇಕಾಗಿರೋದು ಇನ್ನೊಂದು ಬಗೆ! ಹೆಂಗಸರು ಎಷ್ಟೋ ವಾಸಿ. ಸ್ವಸಹಾಯ ಸಂಘ, ಭಜನೆ, ಮಹಡಿ ಮನೆಯಾಕೆ, ತವರೂರಿನ ಗೆಳತಿ, ಅಲ್ಲಿಗೇ ನಾಲ್ಕಾಯಿತು. ಅಂದಹಾಗೆ, ವಾಟ್ಸಾಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸಿದ್ದು ಲೆಕ್ಕಕ್ಕಿಲ್ಲ. ಎದುರಿಗಾದರೂ ಸರಿ, ಫೋನಲ್ಲಾದರೂ ಸರಿ, ಬಾಯಿಬಿಟ್ಟು ಮಾತಾಡಿರಬೇಕು.

ನೆಗಡಿ ಕತೆಯಲ್ಲೇ ಹೊತ್ತು ಹೋಯ್ತು, ಹೃದಯದ ವಿಷಯ ಉಳಿದೇಬಿಡ್ತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾಕ್ಟರ್ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡೋ ಮುಖ್ಯ ವೈದ್ಯ, ಆಗಿದ್ದಾಗ, 2023ರಲ್ಲಿ, ಒಂಟಿತನದ ಬಗ್ಗೆ ಇಡೀ ದೇಶಕ್ಕೇ ಎಚ್ಚರಿಕೆ ಕೊಟ್ಟರು. ಬಳಕೆ, ಬಾಂಧವ್ಯ ಇಲ್ಲದವರಿಗೆ ಹೃದ್ರೋಗದ ಅಪಾಯ ಶೇ 29, ಪಾರ್ಶ್ವವಾಯುವಿನದ್ದು ಶೇ 32 ಜಾಸ್ತಿ ಅಂತ ಅದರಲ್ಲಿದೆ.

ಇನ್ನೊಂದೇ ಮಾತು. ವಯಸ್ಸಾದವರು ಜನರಿಂದ ದೂರ ಸರಿಯೋಕೆ ಎಷ್ಟೋ ಸಲ ಕಿವಿ ಮಂದವಾಗಿರೋದೇ ಕಾರಣ. ಸರಿಯಾಗಿ ಕೇಳಿಸೋಲ್ಲ, ಮತ್ತೆ ಮತ್ತೆ "ಆಂ?" ಅನ್ನೋಕೆ ಮುಜುಗರ, ಮನೆಯಲ್ಲೇ ಕೂತುಬಿಡ್ತಾರೆ. ಈಗ ರೇಡಿಯೊ ತೀರಾ ಜೋರಾಗಿಟ್ಟು ಕೇಳ್ತಾ ಇರೋರು ಈ ವಾರವೇ ಹೋಗಿ ಕಿವಿ ತೋರಿಸ್ಕೊಳ್ಳಿ. ನಮಸ್ಕಾರ.