ಅಡ್ವಾನ್ಸ್ ಕೊಡುವ ಮೊದಲು ಸಿಬಿಲ್ ನೋಡಿ

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಮನೆ ಕೊಳ್ಳುವುದು ಹೇಗೆ ನಡೆಯುತ್ತದೆ ನೋಡಿ. ಮೊದಲು ಮನೆ ಮನಸ್ಸಿಗೆ ಹಿಡಿಸುತ್ತದೆ. ವಾಸ್ತು ತೋರಿಸುತ್ತೇವೆ. ಒಳ್ಳೆ ದಿನ ನೋಡಿ ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಸುತ್ತೇವೆ. ಮೂರು ತಿಂಗಳಲ್ಲಿ ರಿಜಿಸ್ಟ್ರೇಷನ್ ಅಂತ ಮಾತಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತುತ್ತೇವೆ. ಅಲ್ಲಿಯವರು ಪ್ಯಾನ್ ನಂಬರ್ ಹಾಕಿ ನೋಡಿ, "ಸಿಬಿಲ್ ಕಡಿಮೆ ಇದೆಯಲ್ಲಾ ಸರ್" ಅನ್ನುತ್ತಾರೆ. ಸಿಬಿಲ್ ಅಂದರೆ ನಾವು ಸಾಲವನ್ನು ಎಷ್ಟು ಸರಿಯಾಗಿ ಕಟ್ಟುತ್ತೇವೆ ಅನ್ನುವುದಕ್ಕೆ ಕೊಡುವ ಅಂಕ, ಅಂದರೆ ಸ್ಕೋರ್. ಕೆಟ್ಟ ಸ್ಕೋರ್ ಮೂರು ತಿಂಗಳಲ್ಲಿ ಸುಮ್ನೆ ಸರಿಹೋಗುವುದಿಲ್ಲ. ಅಡ್ವಾನ್ಸ್ ಮಾತ್ರ ಹೋಗಿ ಕೂತಿರುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಮನೆ ಹುಡುಕಲು ಹೊರಡುವ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಮೊದಲೇ ನಿಮ್ಮ ಸಾಲಗಳ ಲೆಕ್ಕವಿರುವ ಸಿಬಿಲ್ ರಿಪೋರ್ಟ್ ತೆಗೆದು ಓದಿ.

1928ರಲ್ಲಿ ನಮ್ಮ ಉಡುಪಿಯಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಶುರುವಾಯಿತು. ದಿನಕ್ಕೆ ಎರಡಾಣೆ. ಏಜೆಂಟರು ಅಂಗಡಿ ಬಾಗಿಲಿಗೇ ಬರುತ್ತಿದ್ದರು. ಯಾರು ದಿನಾ ತಪ್ಪದೆ ಕಟ್ಟುತ್ತಾರೆ, ಯಾರು "ನಾಳೆ ಬನ್ನಿ" ಅನ್ನುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ಈಗ ಆ ಲೆಕ್ಕ ಇಡುವುದು ಕಂಪ್ಯೂಟರ್. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಮ್ಮ ಸಾಲದ ಲೆಕ್ಕ ಇಡುವ ನಾಲ್ಕು ಸಂಸ್ಥೆಗಳಿವೆ. ನಾವು ನಾಲ್ಕನ್ನೂ ಸೇರಿಸಿ ಸಿಬಿಲ್ ಅಂತಲೇ ಕರೆಯುತ್ತೇವೆ, ಅಲ್ವಾ? ಸ್ಕೋರ್ 300ರಿಂದ 900ರವರೆಗೆ. 750 ದಾಟಿದ್ದರೆ ಸಾಮಾನ್ಯವಾಗಿ ಬ್ಯಾಂಕಿನವರ ಮುಖ ಅರಳುತ್ತದೆ.

ಅಂಕೆಗಿಂತ ರಿಪೋರ್ಟ್ ಮುಖ್ಯ. ನನಗೇ ಆದದ್ದು ಹೇಳುತ್ತೇನೆ. ನಮ್ಮ ಷಡ್ಡಕರು ಬೈಕ್ ಸಾಲಕ್ಕೆ ಜಾಮೀನು ಕೇಳಿದರು. ಮನೆಯವರೇ ಅಂತ ಸಹಿ ಹಾಕಿದೆ, ಮರೆತೂಬಿಟ್ಟೆ. ಮುಂದೆ ನಾನು ಮನೆ ಸಾಲಕ್ಕೆ ಹೋದಾಗ ರಿಪೋರ್ಟಿನಲ್ಲಿ ಆ ಬೈಕ್ ನನ್ನ ಹೆಸರಲ್ಲಿ ನಿಂತಿತ್ತು. ಪ್ರತಿ ಸಾಲದ ಕೆಳಗೂ ತಿಂಗಳಿಗೊಂದರಂತೆ ಚಿಕ್ಕ ಚಿಕ್ಕ ಚೌಕಗಳಿರುತ್ತವೆ, ಒಟ್ಟು 36 ತಿಂಗಳವರೆಗೆ. ಹೊತ್ತಿಗೆ ಸರಿಯಾಗಿ ಕಟ್ಟಿದ್ದರೆ ಅಲ್ಲಿ 000. ನಾನು ಬೆರಳಿಟ್ಟು ಓದುತ್ತಾ ಹೋದೆ. 000, 000, 000, ಆಮೇಲೆ 030, ಅದರ ಪಕ್ಕ 060. ಮೂವತ್ತು ದಿನ ತಡ, ಅರವತ್ತು ದಿನ ತಡ. ಅವರಿಗೆ ಆಗ ಕೆಲಸ ಹೋಗಿತ್ತಂತೆ. ಸಂಕೋಚಕ್ಕೆ ನನಗೆ ಹೇಳಿರಲಿಲ್ಲ. ಇಬ್ಬರೂ ಸೇರಿ ಬಾಕಿ ಕಟ್ಟಿದೆವು. ಆದರೂ ನಾನು ಎಂಟು ತಿಂಗಳು ಕಾಯಬೇಕಾಯಿತು. ನೋಡಿದ್ದ ಮನೆ ಬೇರೆಯವರಿಗೆ ಹೋಯಿತು. ನನ್ನ ಹೆಂಡತಿಗೆ ಆ ಮನೆಯ ಹಿತ್ತಲು ಬಹಳ ಇಷ್ಟವಾಗಿತ್ತು.

ಇನ್ನೊಂದು ಪದ ಹುಡುಕಿ: 'ಸೆಟಲ್ಡ್'. ಕಾರ್ಡಿನ ಬಾಕಿ ಐವತ್ತು ಸಾವಿರ ಇದ್ದಾಗ "ಇಪ್ಪತ್ತು ಕೊಡಿ, ಮುಗಿಸಿಬಿಡೋಣ" ಅಂತ ಫೋನ್ ಬರುತ್ತದೆ. ನಮಗೆ ಖುಷಿ. ಆದರೆ ರಿಪೋರ್ಟಿನಲ್ಲಿ ಆ ಸಾಲ 'ಕ್ಲೋಸ್ಡ್' ಆಗುವುದಿಲ್ಲ, 'ಸೆಟಲ್ಡ್' ಆಗುತ್ತದೆ. ಪೂರ್ತಿ ಕೊಡಲಿಲ್ಲ ಅಂತ ಮುಂದಿನ ಬ್ಯಾಂಕಿನವರು ಅರ್ಥ ಮಾಡಿಕೊಳ್ಳುತ್ತಾರೆ. ಕೈಲಾದರೆ ಉಳಿದದ್ದನ್ನೂ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ಬರೆಸಿಕೊಂಡು, 'ಕ್ಲೋಸ್ಡ್' ಅಂತ ಬದಲಾಯಿತಾ ನೋಡಿ.

ತಪ್ಪು ನಮ್ಮದಲ್ಲದೆಯೂ ಇರಬಹುದು. ತೀರಿಸಿದ ಸಾಲ ಇನ್ನೂ ಬಾಕಿ ಅಂತ ಇರುತ್ತದೆ, ಅದೇ ಹೆಸರಿನ ಬೇರೆಯವರ ಸಾಲ ನಮ್ಮ ಲೆಕ್ಕಕ್ಕೆ ಬಂದಿರುತ್ತದೆ. ಇದಕ್ಕೆ ಹೆದರಬೇಡಿ. ವರ್ಷಕ್ಕೊಮ್ಮೆ ನಾಲ್ಕೂ ಸಂಸ್ಥೆಗಳು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಲೇಬೇಕು. ಆನ್‌ಲೈನ್‌ನಲ್ಲೇ ದೂರು ಹಾಕಬಹುದು. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಬಗ್ಗದಿದ್ದರೆ ದೂರು ಕೇಳಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ನಿಮ್ಮ ರಿಪೋರ್ಟ್ ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಈ ಭಯ ತುಂಬಾ ಜನಕ್ಕಿದೆ, ದಯವಿಟ್ಟು ಬಿಡಿ.

ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ನೋಡುತ್ತದಲ್ಲ, ಅದು ದಾಖಲಾಗುತ್ತದೆ. ಏಜೆಂಟರ ಕೈಗೆ ಕಾಗದ ಕೊಟ್ಟು "ಎಲ್ಲಾದರೂ ಮಾಡಿಸಿ" ಅಂದರೆ ಐದಾರು ಕಡೆ ಅರ್ಜಿ ಬೀಳುತ್ತದೆ. ದುಡ್ಡಿಗೆ ಪರದಾಡುತ್ತಿದ್ದೀರಿ ಅನ್ನುವ ಹಾಗೆ ಕಾಣುತ್ತದೆ. ಆ ಆರು ತಿಂಗಳು ಹೊಸ ಮೊಬೈಲು, ಟೀವಿ ಕಂತಿನಲ್ಲಿ ಬೇಡ. ಬಡ್ಡಿಯಿಲ್ಲದ ಕಂತೂ ಸಾಲವೇ.

ಕ್ರೆಡಿಟ್ ಕಾರ್ಡ್ ಇದ್ದರೆ ಒಂದು ಲಕ್ಷದ ಮಿತಿಯಲ್ಲಿ ಮೂವತ್ತು ಸಾವಿರದೊಳಗೆ ಇರಿ. ಮದುವೆ ಗಿದುವೆ ಅಂತ ಜಾಸ್ತಿ ಖರ್ಚಾದರೆ ಬಿಲ್ ಬರುವ ಮೊದಲೇ ಒಂದಷ್ಟು ಕಟ್ಟಿಬಿಡಿ. ಕಂತಿನ ದಿನ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆಗುವುದೇ ಹೆಚ್ಚು ಮನೆಗಳಲ್ಲಿ ಎಡವಟ್ಟು ಮಾಡುತ್ತದೆ. ಸಂಬಳ ಬಂದ ಮೂರ್ನಾಲ್ಕು ದಿನಕ್ಕೆ ಕಂತಿನ ತಾರೀಕು ಇಟ್ಟುಕೊಳ್ಳಿ. ಸಾಲವನ್ನೇ ಮಾಡದವರಿಗೆ ಸ್ಕೋರೇ ಇರುವುದಿಲ್ಲ. ಅಂಥವರು ಎಫ್‌ಡಿ ಮೇಲೆ ಒಂದು ಚಿಕ್ಕ ಕಾರ್ಡ್ ತೆಗೆದುಕೊಂಡು ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟಲಿ, ಸಾಕು.

ಇಷ್ಟು ಯಾಕೆ ಒದ್ದಾಡಬೇಕು ಅಂತೀರಾ? ಮೂವತ್ತು ಲಕ್ಷ, ಇಪ್ಪತ್ತು ವರ್ಷ. ಶೇಕಡಾ 8.5ರ ಬಡ್ಡಿಗೆ ತಿಂಗಳ ಕಂತು ಸುಮಾರು 26,035 ರೂಪಾಯಿ. 9 ಆದರೆ 26,992. ಅರ್ಧ ಪರ್ಸೆಂಟಿಗೆ ಇಪ್ಪತ್ತು ವರ್ಷದಲ್ಲಿ ಎರಡು ಲಕ್ಷ ಮೂವತ್ತು ಸಾವಿರದಷ್ಟು ಹೆಚ್ಚು. ಮನೆಗೆ ಕಿಟಕಿ ಬಾಗಿಲು ಮಾಡಿಸುವ ದುಡ್ಡು ಅದು.

ಕೆಲವರು ರಿಪೋರ್ಟ್ ಪ್ರಿಂಟ್ ತಂದಿದ್ದೀರಿ, ಕಾಣುತ್ತಿದೆ. ಕುರ್ಚಿ ಹತ್ತಿರ ಎಳೆದುಕೊಳ್ಳಿ. ಮೊದಲ ಪುಟದ ಹೆಸರು, ಪ್ಯಾನ್ ನಂಬರಿನಿಂದಲೇ ಶುರು ಮಾಡೋಣ.